ವೈರ್ ಹಚ್ಚದ ಪೆಟ್ಟಿಗೆ

ನಾನೊಂದು ಗಿಟಾರ್ ಆಂಪ್ಲಿಫೈಯರ್. ಅಷ್ಟುದ್ದ ಹೆಸರು ಹಿಡಿದು ನನ್ನನ್ನು ಯಾರೂ ಕರೆದಿಲ್ಲ. ಗದಗ-ಬೆಟಗೇರಿಯವರಿಗೆ ನಾನು ಬರೀ ಪೆಟ್ಟಿಗೆ. ಗಿಟಾರಿನ ತಂತಿ ಮಿಡಿದಾಗ ಹುಟ್ಟುವ ಸಣ್ಣ ಸದ್ದು ವೈರಿನಲ್ಲಿ ಹರಿದು ನನ್ನೊಳಗೆ ಬರುತ್ತದೆ, ನಾನು ಅದನ್ನು ದೊಡ್ಡದು ಮಾಡಿ ಜನರಿಗೆ ಕೇಳಿಸುತ್ತೇನೆ. ಕೇಳಿಸುತ್ತಿದ್ದೆ ಎನ್ನಬೇಕು.

ಹುಟ್ಟಿದ್ದು ಬೆಂಗಳೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ಪ್ಲೈವುಡ್ಡಿನ ಮೈ, ಕಪ್ಪು ರೆಕ್ಸಿನ್ ಹೊದಿಕೆ, ಎದೆಗೆ ಬೂದು ಬಟ್ಟೆ, ಅದರ ಹಿಂದೆ ಊಟದ ತಟ್ಟೆಯಷ್ಟು ಅಗಲದ ಸ್ಪೀಕರ್. ನೆತ್ತಿಯ ಮೇಲಿನ ಗುಂಡಿಗಳಲ್ಲಿ ಒಂದನ್ನು ತಿರುಗಿಸಿದರೆ ನನ್ನ ದನಿಯೇ ಬದಲಾಗುತ್ತಿತ್ತು. ಒಂದು ತಿಳಿಯಾದ ದನಿ, ಒಂದು ತುಸು ಬೆಚ್ಚಗಿನ ದನಿ, ಇನ್ನೊಂದು ಗಂಟಲು ಹರಿದುಕೊಂಡು ಕೂಗುವ ದನಿ. ನನಗೆ ಕೊನೆಯ ಬೆಸುಗೆ ಹಾಕಿದ ಹೆಂಗಸು ನನ್ನ ನೆತ್ತಿಯ ಪುಟ್ಟ ದೀಪ ಹತ್ತಿದ್ದನ್ನು ನೋಡಿ, "ಹ್ಞೂಂ, ಆಯ್ತು" ಎಂದು ಮುಂದಿನ ಪೆಟ್ಟಿಗೆಗೆ ಕೈಹಾಕಿದಳು. ಅವಳ ಮುಖವನ್ನು ಸರಿಯಾಗಿ ನೋಡಲೂ ಆಗಲಿಲ್ಲ.

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಧೂಳು ತಿನ್ನುತ್ತ ಕುಳಿತಿದ್ದಾಗ ಇಬ್ಬರು ಬಂದರು. ಒಬ್ಬ ತುಳಜಾಸಾ, ಬೆಟಗೇರಿಯ ಆರ್ಕೆಸ್ಟ್ರಾ ಕಂಪನಿಯೊಂದರ ಒಡೆಯ, ಅದರ ಮುಖ್ಯ ಗಾಯಕನೂ ಅವನೇ. ಇನ್ನೊಬ್ಬ ಆ ಆರ್ಕೆಸ್ಟ್ರಾದ ಗಿಟಾರ್‌ಗಾರ ಜಯಶೀಲ. ಅಂಗಡಿಯವನು ಮೊದಲು ಬೇರೆ ಎರಡು ಪೆಟ್ಟಿಗೆ ತೋರಿಸಿದ. ಒಂದರ ದನಿ ಜೇನಿನಷ್ಟು ಸಿಹಿ, ಆದರೆ ಕುಣಿಯುವ ಹಾಡಿಗೆ ಅದು ಮುದುಡಿಕೊಳ್ಳುತ್ತಿತ್ತು. ಇನ್ನೊಂದಕ್ಕೆ ಕೂಗುವುದೊಂದೇ ಗೊತ್ತು. ಜಯಶೀಲ ನನಗೆ ವೈರ್ ಚುಚ್ಚಿ ಒಂದು ಭಾವಗೀತೆಯ ತುಣುಕು ಬಾರಿಸಿದ, ಆಮೇಲೆ ಡೊಳ್ಳಿನ ಹಾಡಿನದು, ಆಮೇಲೆ ಸಿನಿಮಾದ ಅಬ್ಬರದ ಹಾಡಿನದು. ಗುಂಡಿ ತಿರುಗಿಸಿದಂತೆಲ್ಲ ನಾನೂ ಹಾಗೇ ಹಾಡಿದೆ. ಆಮೇಲೆ ದನಿಯನ್ನು ಪಿಸುಮಾತಿನಷ್ಟು ಇಳಿಸಿ ಕಿವಿಯನ್ನು ನನ್ನ ಎದೆಗೇ ಆನಿಸಿದ.

"ಇದೊಂದ ಇದ್ರ ಸಾಕ್ರಿ ಸಾವಕಾರ. ಮದುವಿಗೂ ಆಕ್ಕೈತಿ, ಜಾತ್ರಿಗೂ ಆಕ್ಕೈತಿ," ಎಂದ.

"ನೀ ಆರಿಸಿದ್ದ ಖರೆ, ಪೆಟ್ಟಿಗಿ ಮಾತ್ರ ಕಂಪನಿದು, ನೆನಪಿರ್ಲಿ," ಎಂದ ತುಳಜಾಸಾ.

ಹೀಗೆ ಆರಿಸಿದವನೊಬ್ಬ, ಒಡೆಯ ಇನ್ನೊಬ್ಬ ಆದ. ನನಗೆ ಬುದ್ಧಿ ಬಂದದ್ದು ತಡವಾಗಿ, ಆಗ ಆ ಮಾತಿನ ಭಾರ ತಿಳಿಯಲಿಲ್ಲ.

ವೇದಿಕೆಯ ಮೇಲೆ ನನ್ನ ಜಾಗ ಹಿಂದೆ, ನೆಲದ ಮೇಲೆ. ಜನ ಗಾಯಕರನ್ನು ನೋಡುತ್ತಾರೆ, ನಾನು ಜಯಶೀಲನ ಹಿಮ್ಮಡಿ ನೋಡುತ್ತಿದ್ದೆ. ಬಿರುಕು ಬಿಟ್ಟ ಹಿಮ್ಮಡಿ, ಚಪ್ಪಲಿ ಬಿಚ್ಚಿಟ್ಟೇ ಬಾರಿಸುತ್ತಿದ್ದ. ಹಾಡು ಹಿಡಿತಕ್ಕೆ ಬಂದಾಗ ಎಡಗಾಲಿನ ಹಿಮ್ಮಡಿ ಮೇಲೆದ್ದು ಕುಣಿಯುತ್ತಿತ್ತು. ಚಪ್ಪಾಳೆಯೆಲ್ಲ ತುಳಜಾಸಾನಿಗೆ ಹೋಗುತ್ತಿದ್ದರೂ ನಮಗೇನೂ ಬೇಸರವಿರಲಿಲ್ಲ. ತಾನು ಬಾರಿಸಿದ್ದು ನಾಲ್ಕು ಜನರ ಕಿವಿಗೆ ಬೀಳಬೇಕು, ಅಷ್ಟೇ ಜಯಶೀಲನ ಆಸೆ. ನನ್ನದೂ ಅದೇ.

ಆಮೇಲೆ ಲ್ಯಾಪ್‌ಟಾಪ್ ಬಂತು. ಹಾಡಿನ ಹಿಂದಿನ ವಾದ್ಯಗಳೆಲ್ಲ ಅದರೊಳಗೇ ತಯಾರಾಗಿ ಕೂತಿರುತ್ತಿದ್ದವು. ಅದಕ್ಕೆ ಟ್ರ್ಯಾಕ್ ಎನ್ನುತ್ತಾರೆ. ಒಂದು ಬಟನ್ ಒತ್ತಿದರೆ ತಬಲಾ, ಕೊಳಲು, ಗಿಟಾರ್ ಎಲ್ಲವೂ ಕೇಳುತ್ತದೆ. ಆದರೆ ಮದುವೆಯವರು ದುಡ್ಡು ಮಾತಾಡುವುದು ಫುಲ್ ಆರ್ಕೆಸ್ಟ್ರಾಕ್ಕೆ. ವೇದಿಕೆ ಖಾಲಿ ಕಂಡರೆ ತಕರಾರು ತೆಗೆಯುತ್ತಾರೆ.

"ಜಯಶೀಲ, ನೀ ಗಿಟಾರ್ ಹಿಡ್ಕೊಂಡು ನಿಂದ್ರು. ಬಳ್ಳು ಆಡಿಸು, ಸಾಕು. ಪೆಟ್ಟಿಗಿಗೆ ವೈರ್ ಹಚ್ಚಬ್ಯಾಡ," ಎಂದ ತುಳಜಾಸಾ.

ಅಂದಿನಿಂದ ವೈರಿನ ಒಂದು ತುದಿ ಗಿಟಾರಿನಲ್ಲಿ, ಇನ್ನೊಂದು ತುದಿ ನನ್ನ ಬೆನ್ನ ಹಿಂದೆ ನೆಲದ ಮೇಲೆ. ಜಯಶೀಲ ಬರಿದೇ ಬೆರಳಾಡಿಸುವ ಬದಲು ಒಂದೂ ಸ್ವರ ತಪ್ಪದಂತೆ ಪೂರ್ತಿ ಹಾಡನ್ನು ಬಾರಿಸುತ್ತಿದ್ದ. ತಂತಿಗಳ ಸಣ್ಣ ಟಿಣ್‌ಟಿಣ್ ಅವನ ಹಿಂದಿದ್ದ ನನಗಷ್ಟೇ ಕೇಳುತ್ತಿತ್ತು. ಒಂದು ಗೇಣು ದೂರದಲ್ಲಿ ಬಿದ್ದ ಆ ವೈರ್ ತುದಿಯನ್ನು ನೆನೆಯುತ್ತ ಕೂರುವುದಕ್ಕಿಂತ ಅಂಗಡಿಯ ಧೂಳೇ ವಾಸಿ ಎನಿಸುತ್ತಿತ್ತು. ಅವನ ಹಿಮ್ಮಡಿ ಮೇಲೇಳುವುದು ನಿಂತುಹೋಗಿತ್ತು.

ರೋಣದಲ್ಲಿ ಒಂದು ಮದುವೆ. ಮಧ್ಯಾಹ್ನ ಊಟದ ಹೊತ್ತಿಗೆ ಹುಡುಗಿಯ ಸೋದರತ್ತೆ ಅನಸಕ್ಕ ಮೈಕ್ ಕಸಿದುಕೊಂಡು, ಬೀಗರ ಹಾಡು ಹಾಡುತ್ತೇನೆ ಎಂದಳು. ಬೀಗರನ್ನು ಹೆಸರು ಹಿಡಿದು ಛೇಡಿಸುವ ಹಾಡು ಅದು. ಅವರ ಮೀಸೆ, ಅವರ ಹೊಟ್ಟೆ, ಅವರು ತಂದ ಸೀರೆ, ಯಾವುದನ್ನೂ ಬಿಡುವುದಿಲ್ಲ. ಅದನ್ನು ಹಾಡುವವರು ನಿಂತಲ್ಲೇ ಕಟ್ಟುತ್ತಾರೆ, ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಟ್ರ್ಯಾಕ್ ಎಲ್ಲಿಂದ ಬರಬೇಕು? ಅನಸಕ್ಕ ಒಂದು ಸಾಲು ಹಾಡಿ, ಹಿಂದೆ ವಾದ್ಯವಿಲ್ಲದ್ದು ಕಂಡು ತಡವರಿಸಿದಳು. ಗಂಡಿನ ಕಡೆಯವರು ನಕ್ಕರು. ಅವಳ ಮುಖ ಕೆಂಪಾಯಿತು.

ಜಯಶೀಲ ಬಗ್ಗಿದ. ವೈರ್ ಎತ್ತಿ ನನಗೆ ಚುಚ್ಚಿದ.

ಅಬ್ಬಾ! ಎಷ್ಟು ದಿನಗಳ ಮೇಲೆ ಮೈಯಲ್ಲಿ ಸದ್ದು ಹರಿಯಿತು. ಅನಸಕ್ಕನ ಶ್ರುತಿ ಹುಡುಕಿ, ಬೆಚ್ಚಗಿನ ದನಿಯಲ್ಲಿ ಅವಳ ಬೆನ್ನಿಗೇ ನಡೆದೆವು. ಅವಳು ಬೀಗರ ಮೀಸೆಗೆ ಬಂದಾಗ ಜಯಶೀಲ ತಂತಿಯನ್ನು ಎಳೆದು ನಗಿಸಿದ. ಉಣ್ಣುತ್ತಿದ್ದವರು ಎಂಜಲುಗೈಯಲ್ಲೇ ಎದ್ದು ಬಂದರು. ಆ ಹಿಮ್ಮಡಿ ಕುಣಿದದ್ದನ್ನು ನೀವು ನೋಡಬೇಕಿತ್ತು.

ಹಾಡು ಮುಗಿಸಿದ ಅನಸಕ್ಕ ಮೈಕಿನಲ್ಲೇ ಕೇಳಿದಳು: "ಏನ್ ಚಂದ ಬಾರ್ಸ್ತೀಯೋ ತಮ್ಮಾ! ಮತ್ತ ಮುಂಜಾನಿಂದ ಈ ಪೆಟ್ಟಿಗಿ ಯಾಕ ಸುಮ್ಮನ ಕುಂತಿತ್ತು?"

ಕೆಟ್ಟಿತ್ತು ಎಂದುಬಿಡಬಹುದಿತ್ತು. ತುಳಜಾಸಾ ಕಣ್ಣಲ್ಲೇ ಅದನ್ನು ಹೇಳಿಕೊಡುತ್ತಿದ್ದ. ಜಯಶೀಲ ತಲೆ ತಗ್ಗಿಸಿ, "ವೈರ್ ಹಚ್ಚಿರಲಿಲ್ರಿ ಅಕ್ಕಾ," ಎಂದ. ಅದೂ ಮೈಕಿನಲ್ಲಿ ಕೇಳಿತು.

ಮದುವೆಯವರ ಬೈಗುಳ ತಿಂದ ತುಳಜಾಸಾ ಅಲ್ಲೇ ಅವನನ್ನು ಕೆಲಸದಿಂದ ಬಿಡಿಸಿದ. ಜಯಶೀಲ ಗಿಟಾರ್ ಚೀಲ ಹೆಗಲಿಗೇರಿಸಿ ನನ್ನ ಹತ್ತಿರ ಬಂದು, ವೈರ್ ಕಿತ್ತು ಸುತ್ತಿಕೊಂಡ. ವೈರ್ ಅವನದು, ನಾನು ಕಂಪನಿಯವ. ಅವನು ಬಸ್‌ಸ್ಟ್ಯಾಂಡಿನ ಕಡೆ ನಡೆದ, ನಾನು ಟೆಂಪೋ ಹತ್ತಿದೆ. ಅಷ್ಟು ಅಳು ಅದಕ್ಕೂ ಮೊದಲು ಎಂದೂ ಬಂದಿರಲಿಲ್ಲ.

ಅವನ ಜಾಗಕ್ಕೆ ಮೈಲಾರಿ ಬಂದ. ಮೊಬೈಲ್ ಕವರ್ ಮಾರುವವನು, ಪಾಪ, ಗಿಟಾರಿಗೆ ತಂತಿಗಳೆಷ್ಟು ಎಂದೂ ಗೊತ್ತಿಲ್ಲ. ಕೆಲವು ದಿನಗಳಲ್ಲಿ ತುಳಜಾಸಾನಿಗೆ ಒಂದು ಯೋಚನೆ ಹೊಳೆಯಿತು. ಹಾಡದ ಪೆಟ್ಟಿಗೆಯನ್ನು ಯಾಕೆ ಇಷ್ಟು ಭಾರ ಹೊರಬೇಕು? ಸ್ಪೀಕರ್, ಟ್ರಾನ್ಸ್‌ಫಾರ್ಮರ್, ಒಳಗಿನದೆಲ್ಲ ಬಿಚ್ಚಿಸಿ ಮಾರಿದ. ಮುಂದಿನ ಬಟ್ಟೆ, ಮೇಲಿನ ಗುಂಡಿಗಳು ಹಾಗೇ ಉಳಿದವು. ಈಗಲೂ ನಾನು ಪ್ರತಿ ವೇದಿಕೆಯ ಮೇಲೆ ಇದ್ದೇನೆ. ಫೋಟೊಗಳಲ್ಲೂ ಇದ್ದೇನೆ.

ಮೊನ್ನೆ ಲಕ್ಷ್ಮೇಶ್ವರದ ಒಂದು ನಿಶ್ಚಿತಾರ್ಥದಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಯಾರೋ ವೇದಿಕೆ ಹತ್ತಿದರು. ನನ್ನ ಮುಂದೆ ನಿಂತ ಪಾದಗಳನ್ನು ಕಂಡೊಡನೆ ಗುರುತು ಹತ್ತಿತು. ಊಟಕ್ಕೆ ಬಂದಿದ್ದ ಜಯಶೀಲ. ಕುಕ್ಕರುಗಾಲಲ್ಲಿ ಕೂತು ನನ್ನ ಸ್ವಿಚ್ ಒತ್ತಿದ.

"ಅಣ್ಣಾ, ಒಳಗ ಏನೂ ಇಲ್ರಿ ಅದರಾಗ. ಬರೇ ತೋರಿಕಿಗೆ," ಎಂದ ಮೈಲಾರಿ.

ಜಯಶೀಲ ಎಡಗೈಯನ್ನು ನನ್ನ ನೆತ್ತಿಯ ಮೇಲಿಟ್ಟ. ತಂತಿ ಒತ್ತುವವರ ಎಡಗೈ ಬೆರಳ ತುದಿಗಳು ಜಡ್ಡುಗಟ್ಟಿರುತ್ತವೆ. ಬಾರಿಸುವುದು ಬಿಟ್ಟರೆ ಕೆಲವೇ ತಿಂಗಳಲ್ಲಿ ಮೆತ್ತಗಾಗಿಬಿಡುತ್ತವೆ. ಅವನ ಬೆರಳು ಒಂದೊಂದಾಗಿ ನನ್ನ ರೆಕ್ಸಿನ್ನಿಗೆ ತಾಗಿದವು. ನಾಲ್ಕೂ ಗಟ್ಟಿಯಾಗಿದ್ದವು.

ಬಾರಿಸುತ್ತಿದ್ದಾನೆ! ಎಲ್ಲಿ, ಯಾವ ಪೆಟ್ಟಿಗೆಯ ಮುಂದೆ, ಅದರ ದನಿ ಹೇಗಿದೆ, ಕೇಳಲು ನನಗೆ ಬಾಯಿಲ್ಲ. ಸಂತೋಷವಾಯಿತು. ಸುಳ್ಳೇಕೆ ಹೇಳಲಿ, ಒಳಗೆ ಏನೂ ಇಲ್ಲದ ನನಗೆ ಹೊಟ್ಟೆಕಿಚ್ಚೂ ಆಯಿತು. ಅವನು ಕೈ ತೆಗೆದು ಮೆಟ್ಟಿಲಿಳಿದು ಹೋದ.

ಟೆಂಪೋದ ಮೂಲೆಯಲ್ಲಿ ಕೂತು ಅದನ್ನೇ ಯೋಚಿಸುತ್ತೇನೆ. ಎಲ್ಲೋ ಯಾರೋ ಅವನು ಬಾರಿಸುವುದನ್ನು ಕೇಳುತ್ತಿದ್ದಾರೆ. ನಾನಲ್ಲ, ಅಷ್ಟೇ.