ಯಾರೂ ಇಲ್ಲದ ಎತ್ತರಕ್ಕ ಕನ್ನಡಿ

ಗೊರೇಬಾಳದ ಮಹಿಳಾ ಸಂಘದ ಹೊಲಿಗೆ ಕೋಣೆಗೆ ಕನ್ನಡಿ ಬಂದ ದಿನವೇ ಜಗಳ ಹತ್ತಿಕೊಂಡಿತು. ಅಧ್ಯಕ್ಷೆ ಕಸ್ತೂರೆಮ್ಮ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಕನ್ನಡಿಯನ್ನು ತನ್ನ ಮುಖದ ನೇರಕ್ಕೇ ಹೊಡೆಸಿದಳು. ಗಿಡ್ಡ ಪೀರ್‌ಬೀ ಮುಂದೆ ನಿಂತರೆ ಕಂಡದ್ದು ಫ್ಯಾನು.

ಲಿಂಗಸುಗೂರಿನ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದುವ ಮಹೇಶ್ವರಿ ರಜೆಗೆ ಬಂದಿದ್ದಳು. ಕಸ್ತೂರೆಮ್ಮನ ಅಣ್ಣನ ಮಗಳು. ತಾನು ಕಲಿತದ್ದು ಒಬ್ಬರಿಗಾದರೂ ಬೇಕಾಯಿತಲ್ಲ ಎಂದು ಅವಳಿಗೆ ಒಳಗೊಳಗೇ ಹಿಗ್ಗು.

"ಗಿಡ್ಡರಿಂದ ಎತ್ತರದವರ ತನಕ ಸಾಲಾಗಿ ನಿಂದರ್ರಿ. ನಟ್ಟನಡುವ ಬಂದಾಕಿ ಎತ್ತರಕ್ಕ ಕನ್ನಡಿ."

"ಎಲ್ಲಾರ ಎತ್ತರ ಕೂಡಿಸಿ ಭಾಗಿಸಿದ್ರ ಆಗಂಗಿಲ್ಲೇನು?" ಕಸ್ತೂರೆಮ್ಮ ಕೇಳಿದಳು.

"ಬ್ಯಾಡ ಅತ್ತಿ. ನೀ ಒಬ್ಬಾಕೀನ ಸರಾಸರಿ ಮ್ಯಾಲಕ್ಕ ಎಳದ್ಹಾಕ್ತಿ. ನಡುವಿನಾಕಿನ್ನ ಹಿಡದ್ರ, ನೀ ಇನ್ನೂ ಬೆಳದ್ರೂ ಆಕಿ ಅಲ್ಲೇ ಇರ್ತಾಳ."

ಹನ್ನೆರಡು ಮಂದಿ ನಿಂತರು. ಆರನೆಯವಳು ಅಮರೇಶ್ವರಿ, ಏಳನೆಯವಳು ಜಮೀಲಾಬೀ. ನಡುವೆ ಬಂದದ್ದು ಅವರಿಬ್ಬರ ನಡುವಿನ ಸಂದು. ಮಹೇಶ್ವರಿ ಇಬ್ಬರ ಎತ್ತರ ಕೂಡಿಸಿ ಅರ್ಧ ಮಾಡಿ ಗೋಡೆಗೆ ಗೆರೆ ಎಳೆದಳು.

"ಯಾರೂ ಇಲ್ಲದ ಎತ್ತರಕ್ಕ ಕನ್ನಡಿ ಹೊಡೀತಿಯೇನಬೇ?"

"ಮಧ್ಯಾಂಕ ಅಂದ್ರ ಅದ ಅತ್ತಿ."

ಆದರೆ ಆ ಸಂದು ಅಮರೇಶ್ವರಿಯ ನಿದ್ದೆ ಕೆಡಿಸಿತು. ಮರುದಿನ ಮಸ್ಕಿಯಿಂದ ಬಂದು ಊರಲ್ಲೇ ಇದ್ದ ಗಿಡ್ಡ ನಾದಿನಿಯನ್ನು ಸಂಘಕ್ಕೆ ಸೇರಿಸಿದಳು. ಈಗ ಹದಿಮೂರು ಮಂದಿ. ನಟ್ಟನಡುವೆ ಅಮರೇಶ್ವರಿಯೇ! ಕನ್ನಡಿ ಅವಳ ಎತ್ತರಕ್ಕೆ ಇಳಿಯಿತು. ಸಂಜೆಗೆ ಜಮೀಲಾಬೀ ಮುದಗಲ್‌ನಿಂದ ಬಂದ ಉದ್ದನೆಯ ಸೊಸೆಯನ್ನು ಕೈಹಿಡಿದು ಕರೆತಂದಳು. ಹದಿನಾಲ್ಕು. ನಡುವೆ ಮತ್ತೆ ಅದೇ ಸಂದು. ಮೊಳೆ ಹೊಡೆದು ಕಿತ್ತು ಗೋಡೆ ತೂತುತೂತಾಯಿತು.

"ಮಧ್ಯಾಂಕ ಒಂದ ಸಾಲಂಗಿಲ್ಲ," ಮಹೇಶ್ವರಿ ಹಠ ಹಿಡಿದಳು. "ಸಾಲನ್ನ ನಾಕು ಪಾಲು ಮಾಡೂಣು. ಕೆಳಗಿನ ಅರ್ಧಕ್ಕೊಂದು ನಡು, ಮ್ಯಾಲಿನ ಅರ್ಧಕ್ಕೊಂದು ನಡು. ಇವಕ್ಕ ಚತುರ್ಥಕ ಅಂತಾರ. ಮೊದಲಿನ ನಡು ಕೂಡಿ ಮೂರು ಜಾಗ, ಮೂರು ಕನ್ನಡಿ."

"ಇರೂದು ಒಂದ," ಕಸ್ತೂರೆಮ್ಮ ಅಂದಳು.

ಸಿಂಧನೂರಿನಿಂದ ಗಾಜು ಕೊಯ್ಯುವ ಹುಸೇನ್‌ಸಾಬ್ ಬಂದ. "ಒಡದದ್ದು ತಂದು ತೋರ್ಸ್ತಾರ. ಚೊಲೋ ಇದ್ದದ್ದು ಒಡೀರಿ ಅಂದವ್ರು ನೀವ ಮೊದಲು," ಅಂದು ಕನ್ನಡಿಯನ್ನು ನಾಲ್ಕು ಬೆರಳಗಲದ ಮೂರು ಅಡ್ಡಪಟ್ಟಿ ಮಾಡಿಕೊಟ್ಟ.

ರಜೆ ಮುಗಿಸಿ ಮಹೇಶ್ವರಿ ಹೊರಟಾಗ ಕಸ್ತೂರೆಮ್ಮ ಮೇಲಿನ ಪಟ್ಟಿಯ ಮುಂದೆ ಮೊಣಕಾಲು ಬಾಗಿಸಿ ಏಳುತ್ತಾ, ಕೂರುತ್ತಾ, ಹಣೆಯಿಂದ ಗದ್ದದವರೆಗೆ ತನ್ನನ್ನು ಕಂತುಕಂತಾಗಿ ನೋಡಿಕೊಳ್ಳುತ್ತಿದ್ದಳು.

"ಎಲ್ಲಾ ಐತಿ ನೋಡಬೇ," ಅಂದಳು ಏದುಸಿರು ಬಿಡುತ್ತಾ. "ಮೂಗೊಂದು ಎಲ್ಲಿ ಹೋತು ನೋಡಬೇಕು."