ಎಡಗೈ ಕತ್ತರಿ

ಕೆಲಸ ಬಿಟ್ಟ ದಿನ ಅವಳು ತನ್ನ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಬಂದಳು. ಮಾಡಿದ್ದು ಅಷ್ಟೇ. ಹದಿನಾಲ್ಕು ವರ್ಷ ಆ ಹೊಲಿಗೆ ಅಂಗಡಿಯಲ್ಲಿ ಕೋಟು, ಶರಟು, ಫ್ರಾಕು ಎಲ್ಲವನ್ನೂ ಅದೇ ಕತ್ತರಿಯಲ್ಲಿ ಕತ್ತರಿಸಿದವಳು. ಅವಳನ್ನು ಎಲ್ಲರೂ ಎಡಚಿ ಎಂದೇ ಕರೆಯುತ್ತಿದ್ದರು. ಕತ್ತರಿಯೂ ಎಡಗೈಯವರಿಗೆಂದೇ ಮಾಡಿದ್ದು, ಅಪ್ಪ ಹುಡುಕಿ ತಂದುಕೊಟ್ಟಿದ್ದು. ಅವಳು ಸ್ವಂತ ಹೊಲಿಗೆ ಮಿಷನ್ ಇಟ್ಟುಕೊಳ್ಳುತ್ತಾಳೆಂದು ಯಜಮಾನನಿಗೆ ಹೊಟ್ಟೆಯುರಿ. ಮೂರನೆಯ ದಿನ ಬೆಳಿಗ್ಗೆ ಪೊಲೀಸ್ ಜೀಪು ಬಾಗಿಲಿಗೆ ಬಂತು. ಕತ್ತರಿ ಕದ್ದಳೆಂದು ಯಜಮಾನನ ದೂರಂತೆ.

ಠಾಣೆಯಲ್ಲಿ ಹವಾಲ್ದಾರ ಒಂದು ಹಾಳೆ ಮುಂದಿಟ್ಟ. "ಸೈನ್ ಹಾಕು, ಮನೆಗೆ ಹೋಗು."

"ಏನು ಬರೆದಿದ್ದೀರಿ?"

"ನಾನೇ ಕದ್ದೆ, ತಪ್ಪಾಯ್ತು ಅಂತ. ಇನ್ನೇನು?"

"ನನ್ನ ವಸ್ತು ನಾನು ತಗೊಂಡ್ರೆ ಕಳ್ಳತನ ಹೇಗಾಗುತ್ತೆ ಸಾರ್? ನಾನು ವಕೀಲರ ಹತ್ರ ಮಾತಾಡ್ಬೇಕು."

"ಒಂದು ಕತ್ತರಿಗೆ ವಕೀಲ ಬೇರೆ ಕೇಡು!" ಅವನು ಕತ್ತರಿ ಎತ್ತಿಕೊಂಡು ಹಳೆಯ ಪೇಪರಿನ ಅಂಚು ಕತ್ತರಿಸಲು ನೋಡಿದ. ಕಾಗದ ಅಲಗುಗಳ ನಡುವೆ ಮಡಚಿಕೊಂಡಿತು. "ಥೂ, ಮೊಂಡು ಕತ್ತರಿ."

"ಮೊಂಡಲ್ಲ, ಎಡಗೈದು. ಆ ಅಂಗಡೀಲಿ ನನ್ನ ಬಿಟ್ರೆ ಎಡಗೈಯವರು ಯಾರೂ ಇಲ್ಲ. ಅದನ್ನ ಬರ್ಕೊಳ್ಳಿ."

ಅವನು ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡ.

ಸುದ್ದಿ ತಿಳಿದು ಅತ್ತಿಗೆ ಓಡಿಬಂದಳು. ಮೂವತ್ತು ವರ್ಷ ಕೋರ್ಟಿನಲ್ಲಿ ಹೆಸರು ಕೂಗಿ ನಿವೃತ್ತಿಯಾದವಳು. ಕಾನೂನು ಓದಿಲ್ಲ, ಆದರೆ ಕೇಳಿ ಕೇಳಿ ಬಾಯಿಪಾಠ; ಹಿಡಿದವರನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಕೋರ್ಟಿಗೆ ತರಬೇಕೆಂಬುದೂ ಗೊತ್ತು. ಕಿಟಕಿಯಾಚೆಯಿಂದ ಒಂದೇ ಮಾತು ಹೇಳಿದಳು: "ಏನಕ್ಕೂ ಸೈನ್ ಹಾಕ್ಬೇಡ. ಕೋರ್ಟಿಗೆ ಹೋಗ್ಬರ್ತೀನಿ." ನೇರ ಕೋರ್ಟಿನ ಕಚೇರಿಗೆ ಹೋಗಿ, ನಾದಿನಿಯನ್ನು ಹಿಡಿದಿಟ್ಟಿದ್ದಾರೆಂದು ಅರ್ಜಿ ಕೊಟ್ಟು, ಪ್ರತಿಯ ಮೇಲೆ ತಾರೀಖಿನ ಮೊಹರು ಹಾಕಿಸಿಕೊಂಡಳು.

ಎರಡು ದಿನ ಎಡಚಿಯನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿದರು. ಅವಳು ಸೈನ್ ಹಾಕಲಿಲ್ಲ. ಮೂರನೆಯ ದಿನ ಕೋರ್ಟಿಗೆ ಕರೆದೊಯ್ದರು.

"ಯಾವಾಗ ಹಿಡಿದ್ರಿ?" ನ್ಯಾಯಾಧೀಶರು ಕೇಳಿದರು.

"ಇವತ್ತು ಬೆಳಿಗ್ಗೆ ಸ್ವಾಮಿ. ಠಾಣೆ ಪುಸ್ತಕದಲ್ಲಿದೆ," ಎಂದ ಹವಾಲ್ದಾರ.

"ಸುಳ್ಳು!" ಹಿಂದಿನ ಸಾಲಿನಿಂದ ಅತ್ತಿಗೆಯ ಹಳೆಯ ಗಂಟಲು ಎದ್ದಿತು. ಮೊಹರಿನ ಕಾಗದ ಮೇಜಿಗೆ ಹೋಯಿತು. ಮೊನ್ನೆಯ ತಾರೀಖು.

ಅದು ಎಡಗೈ ಕತ್ತರಿ, ಅಂಗಡಿಯಲ್ಲಿ ಎಡಗೈಯವಳು ತಾನೊಬ್ಬಳೇ ಎಂದು ಅವಳು ಹೇಳಿದಳು. ನ್ಯಾಯಾಧೀಶರು ಕತ್ತರಿಯನ್ನು ತಿರುಗಿಸಿ ನೋಡಿ, ದೂರು ಕೊಟ್ಟ ಯಜಮಾನನತ್ತ ತಿರುಗಿದರು. "ಕಳ್ಳತನ ಅನ್ನೋಕೆ ವಸ್ತು ಇನ್ನೊಬ್ಬರದಾಗಿರ್ಬೇಕು, ತಗೊಂಡವರ ಮನಸ್ಸಲ್ಲಿ ಮೋಸ ಇರ್ಬೇಕು. ಇಲ್ಲಿ ಯಾವುದಿದೆ?" ಅವಳನ್ನು ಬಿಟ್ಟರು.

ಹೊರಗೆ ಹವಾಲ್ದಾರ ಹಲ್ಲು ಕಿರಿದ. "ಬಿಟ್ರಲ್ಲಮ್ಮ, ಇನ್ಯಾಕೆ ಮುಖ ಊದಿಸ್ಕೊಂಡಿದ್ದೀರಿ?"

ಎರಡು ದಿನ ನೀನು, ಈಗ ನೀವು! ಅವಳ ಮೈಯೆಲ್ಲ ಉರಿದುಹೋಯಿತು. ಬೀದಿಯವರೆಲ್ಲ ನೋಡುತ್ತಿರುವಾಗ ಜೀಪು ಹತ್ತಿಸಿದ್ದು ಯಾವ ಪುಸ್ತಕದಲ್ಲಿದೆ? ಬೆಂಚಿನ ಮೇಲೆ ಕಳೆದ ಆ ಎರಡು ದಿನ ಎಲ್ಲಿ ಹೋಯಿತು?

"ಮನೆಗೆ ಹೋಗಿ ಸ್ನಾನ ಮಾಡು, ನಾಳೆ ನೋಡೋಣ," ಎಂದಳು ಅತ್ತಿಗೆ.

"ಬೇಡ ಅತ್ತಿಗೆ. ಈಗ್ಲೇ ಬರೀಬೇಕು."

ಸುಳ್ಳು ತಾರೀಖು ಬರೆದವರ ಮೇಲೆ, ಸುಳ್ಳು ದೂರು ಕೊಟ್ಟ ಯಜಮಾನನ ಮೇಲೆ ಅಲ್ಲೇ ದೂರು ಕೊಟ್ಟಳು. ವಿಚಾರಣೆಗೆ ಐದು ಸಲ ಕರೆದರು. ಐದು ಸಲವೂ ಹೋದಳು. ಎಂಟು ತಿಂಗಳಿಗೆ ಉತ್ತರ ಬಂತು: ಹವಾಲ್ದಾರನಿಗೆ ಎಚ್ಚರಿಕೆ ಕೊಡಲಾಗಿದೆ. ಯಜಮಾನನ ಸೊಲ್ಲೇ ಇಲ್ಲ.

"ಎಚ್ಚರಿಕೆಯಂತೆ!" ಎಂದವಳು ಮಿಷನ್ನಿನ ಮೇಲಿದ್ದ ಬಟ್ಟೆ ಪಕ್ಕಕ್ಕೆ ಸರಿಸಿ, ಮೇಲಿನವರಿಗೆ ಇನ್ನೊಂದು ಅರ್ಜಿ ಬರೆಯಲು ಕೂತಳು.