ಗೋಲುಗೆರೆಯ ಹುಲ್ಲು

ಬಾಗಿಲು ಬಡಿಯುತ್ತಿದೆ, ಬಡಿಯುವ ಬೆರಳಲ್ಲಿ ಉಂಗುರವಿದೆ, ಮರಕ್ಕೆ ಲೋಹ ತಾಗುವ ಆ ಸಣ್ಣ ಟಕ್ಕು ಡೆರೆಕ್‌ನ ಹಲ್ಲಿನವರೆಗೂ ಇಳಿಯುತ್ತದೆ, ಇಷ್ಟು ಹೊತ್ತಿನಲ್ಲಿ ಯಾರು, ನಲ್ಲಿ ನಿಲ್ಸು ಬೆರಿಲ್, ಯಾರೋ ಬಂದಂಗಿದೆ, ಹೆಂಡತಿ ನಿಲ್ಲಿಸುವುದಿಲ್ಲ, ಅಡುಗೆಮನೆಯಲ್ಲಿ ನೀರು ಸುರಿಯುತ್ತಲೇ ಇದೆ—ಮೊಣಕಾಲು ಹಿಡಿದು ಎದ್ದು, ದಾರಿಗಡ್ಡ ನಿಂತ ಅವಳ ಚಕ್ರದ ಸಂತೆಚೀಲಕ್ಕೆ ಎಡವಿ, ಅದನ್ನು ಬೈದು, ಚಿಲಕ ಸರಿಸಿದರೆ ಕ್ರೇಗ್, ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷ, ಕಾರ್ಪೆಟ್ ಅಂಗಡಿಯ ಕ್ರೇಗ್, ಟಾರ್ಚನ್ನು ಮುಖಕ್ಕೆ ಬಿಡದೆ ಪಾದಕ್ಕೆ ಬಿಡುತ್ತಾನೆ, ಚಪ್ಪಲಿಗೆ ಮಣ್ಣು ಮೆತ್ತಿದೆಯೇ ಎಂದು ನೋಡುವವನಂತೆ. ಎಲ್ಲಿಟ್ಟಿದೀರಾ ಡೆರೆಕ್. ಏನನ್ನ. ನಾಟಕ ಬೇಡ, ಗೋಲಿನ ಮುಂದಿನ ಹುಲ್ಲು, ಕೇಕ್ ಕುಯ್ದ ಹಾಗೆ ಚೌಕ ಕುಯ್ದು ಎತ್ಕೊಂಡು ಹೋಗಿದಾರೆ, ಬಿಳಿ ಗೆರೆ ಸಮೇತ, ಆ ಗುಂಡಿ ನೋಡಿದ್ರೆ ನಾಳೆ ರೆಫರಿ ಆಟನೇ ಬೇಡ ಅಂತಾನೆ.

ಗುಂಡಿ—ಅದು ಗುಂಡಿಯಲ್ಲ, ಅದು ನಾರ್ಮನ್, ಹೆಸಲ್‌ಬೆಕ್ ಟೌನಿನ ಗೋಲ್‌ಕೀಪರ್, ಬೆರಿಲ್‌ಳ ಅಣ್ಣ, ಡೆರೆಕ್‌ನ ಬೆನ್ನ ಹಿಂದೆ ನಿಂತು ಎಷ್ಟೋ ಚಳಿಗಾಲಗಳನ್ನು ಬೈಗುಳದಲ್ಲೇ ಬೆಚ್ಚಗಾಗಿಸಿದವನು, ಬಲಕ್ಕೆ ಸರಿಯೋ ಎಮ್ಮೆ, ನಿನ್ನ ಹಿಂಭಾಗ ಬಿಟ್ಟು ನಂಗೇನೂ ಕಾಣಿಸ್ತಿಲ್ಲ ಎಂದು ಕೂಗುತ್ತಿದ್ದವನು, ಹೋದ ವರ್ಷ ಸತ್ತು, ಬೂದಿಯಾಗಿ ತನ್ನ ಗೋಲುಗೆರೆಯ ಮೇಲೆಯೇ ಬಿದ್ದವನು. ಆಡಿದ ಜಾಗದಲ್ಲೇ ಚೆಲ್ಲಿಸಿಕೊಳ್ಳುವುದು ಇಲ್ಲಿನ ಹಳೆಯ ಆಟಗಾರರ ಹಕ್ಕು, ಸಂಬಳವಿಲ್ಲದೆ, ಹಗಲೆಲ್ಲ ಗಿರಣಿಯಲ್ಲಿ ದುಡಿದು ಬಂದು, ಮೂಳೆ ಮುರಿದುಕೊಂಡು ಗಳಿಸಿದ ಒಂದೇ ಒಂದು ಹಕ್ಕು. ಅದರ ಮೇಲೆ ಸೋಮವಾರದಿಂದ ಈ ಮನುಷ್ಯ ಪ್ಲಾಸ್ಟಿಕ್ ಹುಲ್ಲು ಹಾಸುತ್ತಾನೆ, ಯಂತ್ರ ಬಂದು ಮಣ್ಣು ಕೆರೆದು ಲಾರಿಗೆ ತುಂಬುತ್ತದೆ, ಲಾರಿ ಎಲ್ಲೋ ಹೋಗಿ ಸುರಿಯುತ್ತದೆ, ಎಲ್ಲಿ ಎಂದು ಸಭೆಯಲ್ಲಿ ಕೇಳಿದರೆ ಅದು ಗುತ್ತಿಗೆದಾರರಿಗೆ ಬಿಟ್ಟಿದ್ದು ಎಂದ, ನಗುತ್ತ ಎಂದ, ಕಾರ್ಪೆಟ್ ಮಾರುವವನ ಕಣ್ಣಿಗೆ ಭೂಮಿ ಎಂದರೆ ಅಳತೆ ತೆಗೆಯಬೇಕಾದ ನೆಲ ಅಷ್ಟೆ. ನಾರ್ಮನ್ ಮೇಲೆ ಹಾಸೋ ಮುಂಚೆ ನನ್ ಮೇಲೆ ಹಾಸ್ಬೇಕು ನೀನು ಎಂದು ಡೆರೆಕ್ ಮೇಜು ಗುದ್ದಿದ್ದ, ಎಲ್ಲರೂ ಚಪ್ಪಾಳೆ ತಟ್ಟಿದ್ದರು, ಆಮೇಲೆ ಎಲ್ಲರೂ ಬಿಯರ್ ಕುಡಿದು ಮನೆಗೆ ಹೋಗಿದ್ದರು, ಡೆರೆಕ್ ಕೂಡ.

ಅದೇ ಮಾತು ಈಗ ಉರುಳಾಗಿದೆ. ಸಂಜೆ ನಾವೆಲ್ಲ ಕ್ಲಬ್ಬಿನ ಬಾರಲ್ಲಿದ್ವಿ, ಕ್ರೇಗ್ ಹೇಳುತ್ತಿದ್ದಾನೆ, ಮಧ್ಯೆ ಎದ್ದು ಆಚೆ ಹೋಗಿದ್ದು ನೀವೊಬ್ರೇ. ಆಚೆ ಹೋಗಿದ್ದು ಮೂತ್ರಕ್ಕೆ ಮಾರಾಯ, ಒಳಗಿನದರಲ್ಲಿ ಟ್ರೆವರ್ ಕೂತಿದ್ದ, ಅವನು ಮೈದಾನದಂಚಿನ ವಿಂಗಲ್ಲಿ ಆಡುವಾಗ್ಲೂ ಹೀಗೇ, ಒಂದ್ಸಲ ಒಳಗೆ ಹೋದ್ರೆ ಈಚೆ ಬರೋನಲ್ಲ—ಕ್ರೇಗ್ ನಗುವುದಿಲ್ಲ. ಹುಲ್ಲು ವಾಪಸ್ ಬರ್ಲಿ, ಇಲ್ಲಾಂದ್ರೆ ನಾಳೆ ಹಳೇ ಆಟಗಾರರ ಮೆರವಣಿಗೆ ಸಾಲಲ್ಲಿ ನೀವಿರಲ್ಲ, ಗೇಟಲ್ಲೇ ತಡೀತಾರೆ. ಗೇಟಲ್ಲಿ. ತನ್ನನ್ನು. ನಿಜವಾದ ಹುಲ್ಲಿನ ಮೇಲೆ ಕೊನೆಯ ಸಲ ಸಾಲಾಗಿ ನಡೆಯುವಾಗ ಮುಂದೆ ನಡೆಯಬೇಕಾದ ನಾಯಕನನ್ನು ಹುಲ್ಲುಗಳ್ಳನೆಂದು ಗೇಟಿನಲ್ಲಿ ನಿಲ್ಲಿಸುತ್ತಾರೆ, ಈ ಕ್ರೇಗ್ ಹುಟ್ಟುವ ಮೊದಲೇ ಆ ಗೇಟಿಗೆ ಬಣ್ಣ ಹೊಡೆದವನನ್ನು. ಅವಮಾನ ಗಂಟಲಿಗೆ ಏರುತ್ತದೆ, ಹುಳಿಯಾಗಿ, ರಾತ್ರಿ ಕುಡಿದ ಸೂಪಿನ ಜೊತೆ, ಬ್ರೆಡ್ಡಿನ ಜೊತೆ, ಕೈಯಲ್ಲೇ ಹರಿದು ಹಾಕಿದ ಬ್ರೆಡ್ಡು, ಯಾಕೆ ಹೀಗೆ ಎಂದರೆ ಚಾಕು ಮೊಂಡಾಗಿದೆ ಎಂದಳು ಬೆರಿಲ್—ಯಾವ ಕೈ ನಾರ್ಮನ್‌ನನ್ನು ಮುಟ್ಟಿತು, ಟ್ರೆವರ್‌ನದೇ ಇರಬೇಕು, ಅಥವಾ ಈ ಕ್ರೇಗ್‌ನೇ ಕುಯ್ದು ಅಪವಾದ ಹೊರಿಸುತ್ತಿದ್ದಾನೆ, ಆಟಗಾರನಲ್ಲದವನಿಗೆ ಆ ನೆಲ ಮೆಟ್ಟುವ ಯೋಗ್ಯತೆ ಎಲ್ಲಿದೆ, ಬೂದಿ ಚೆಲ್ಲಿದ ದಿನ ಎಷ್ಟು ಶಿಸ್ತಿತ್ತು, ಹಳೆಯ ಆಟಗಾರರು ಮಾತ್ರ, ಕಪ್ಪು ಟೈ ಕಟ್ಟಿ, ಮುಂದೆ ಡೆರೆಕ್, ಗಾಳಿ ತಿರುಗಿ ಅರ್ಧ ಬೂದಿ ಅವನ ಪ್ಯಾಂಟಿಗೇ ಬಂದು ಮೆತ್ತಿ, ಸತ್ರೂ ನಿನ್ ಹಿಂಭಾಗ ಬಿಡ್ಲಿಲ್ಲ ನೋಡೋ ಎಂದ ಟ್ರೆವರ್, ನಕ್ಕು ಅತ್ತು ಎಲ್ಲರೂ ಒಬ್ಬರನ್ನೊಬ್ಬರು ಹಿಡಿದುಕೊಂಡು, ಬೆರಿಲ್ ಮಾತ್ರ ಬಿಳಿ ಗೆರೆಯ ಆಚೆ, ಕೈಚೀಲ ಎದೆಗೊತ್ತಿ, ನಂಗೂ ಒಂದ್ ಹಿಡಿ ಕೊಡ್ತೀರಾ ಎಂದಿದ್ದಳು, ಗೆರೆ ದಾಟ್ಬೇಡ ಕಣೇ, ಪದ್ಧತಿ ಅಂದ್ರೆ ಪದ್ಧತಿ ಎಂದಿದ್ದ ಡೆರೆಕ್, ಎಷ್ಟು ಚಂದ ನಡೆಯಿತು ಆ ದಿನ, ಒಂದು ಲೋಪವಿಲ್ಲದೆ.

ಅಲ್ಲೇ ನಿಲ್ಲು ಕ್ರೇಗ್, ಗುದ್ದಲಿ ತಂದು ತೋರಿಸ್ತೀನಿ, ಮಣ್ಣು ಕಂಡಿದ್ದೇ ಹೋದ ಬೇಸಿಗೇಲಿ. ನಡುಮನೆ ದಾಟಿ, ಸಂತೆಚೀಲಕ್ಕೆ ಮತ್ತೆ ಎಡವಿ, ಚಕ್ರ ಒದ್ದೆ, ಇವಳು ಸಂಜೆ ಹೌಸಿ ಆಡಲು ಹೋದವಳು ಚೀಲ ಯಾಕೆ ಒಯ್ದಳು, ಹೆಂಗಸರ ಲೆಕ್ಕ ಯಾರಿಗೆ ಗೊತ್ತು, ಹಿತ್ತಲ ಬಾಗಿಲು, ಮಂಜು, ಸಾಮಾನು ಶೆಡ್ಡಿನ ಕತ್ತಲಲ್ಲಿ ತಡಕಿದರೆ ಗುದ್ದಲಿ ಒಣಗಿದೆ, ಹಿಡಿಯಿಂದ ಗೋಡೆಗೆ ಜೇಡ ಬಲೆ ಕಟ್ಟಿದೆ, ಬಾ ನೋಡು ಅಧ್ಯಕ್ಷ, ಜೇಡನನ್ನು ಕೇಳು ಸಾಕ್ಷಿ, ನಾಳೆ ನೀನೇ ಗೇಟು ತೆಗೆದು ಕ್ಷಮಿಸಿ ಡೆರೆಕ್ ಎನ್ನಬೇಕು, ಎಲ್ಲರೆದುರಿಗೆ ಎನ್ನಬೇಕು, ಗುದ್ದಲಿಯನ್ನು ಗೆದ್ದ ಟ್ರೋಫಿಯಂತೆ ಎತ್ತಿ ಹಿಡಿದು ತಿರುಗುತ್ತಾನೆ, ಅಡುಗೆಮನೆಯ ಕಿಟಕಿಯ ಬೆಳಕು ರೂಬಾರ್ಬ್ ಗಿಡಗಳ ಪಾತಿಯ ಪಕ್ಕ ಬಿದ್ದಿದೆ, ಅಲ್ಲಿ ನಿನ್ನೆ ಬರಿಯ ಮಣ್ಣಿತ್ತು, ಇವತ್ತು ಹುಲ್ಲು, ಗಿಡ್ಡಗೆ ಕತ್ತರಿಸಿದ ಹುಲ್ಲು, ಚೌಕ, ಅಂಚು ನೇರ, ಈಗಷ್ಟೇ ನೀರು ಹನಿಸಿದ್ದಾರೆ, ಅದರ ನಡುವೆ ಅಡ್ಡಲಾಗಿ ಒಂದು ಬಿಳಿ ಗೆರೆ. ನಲ್ಲಿ ನಿಂತಿದೆ. ಕಿಟಕಿಯ ಹಿಂದೆ ಯಾರೋ ಬ್ರೆಡ್ಡಿನ ಚಾಕುವನ್ನು ನಿಧಾನವಾಗಿ ಒರೆಸುತ್ತಿದ್ದಾರೆ, ಅವನನ್ನೇ ನೋಡುತ್ತಿದ್ದಾರೆ, ತಲೆ ತಗ್ಗಿಸದೆ, ಮುಂಬಾಗಿಲಿನಿಂದ ಕ್ರೇಗ್ ಕೂಗುತ್ತಾನೆ, ಸಿಕ್ತಾ ಡೆರೆಕ್, ಗುದ್ದಲಿ ಭಾರ, ಸಿಕ್ತಾ, ಹುಲ್ಲು, ಬಿಳಿ ಗೆರೆ, ಗೆರೆಯ ಈಚೆ ತಾನು, ಬಿಳಿ ಗೆರೆ—

ಬೆರಿಲ್.